ತೂಕದ ಕಲ್ಲು

ಸತ್ಯವೇದದ ಕೀರ್ತನೆಗಳ ಪುಸ್ತಕದಲ್ಲಿ ನಾನು ಬಹುಕಾಲ ಬಾಯಿಬಿಟ್ಟು ಓದಲಾರದೆ ಇದ್ದ ಒಂದು ವಚನವಿದೆ. 37ನೆಯ ಕೀರ್ತನೆಯಲ್ಲಿ ಒಬ್ಬ ವೃದ್ಧನು ತನ್ನ ಆಯುಷ್ಯವನ್ನೆಲ್ಲ ಹಿಂದಿರುಗಿ ನೋಡುತ್ತಾನೆ. ನೀತಿವಂತನಾದವನನ್ನು ದೇವರು ಕೈಬಿಟ್ಟುದನ್ನಾಗಲಿ, ಅಂಥವನ ಮಕ್ಕಳು ಅನ್ನಕ್ಕಾಗಿ ಪರರ ಬಾಗಿಲಿಗೆ ಹೋದುದನ್ನಾಗಲಿ ತಾನು ಕಾಣಲೇ ಇಲ್ಲವೆಂದು ಸಾಕ್ಷಿ ನುಡಿಯುತ್ತಾನೆ. 1962ನೆಯ ಇಸವಿಯ ಮಳೆಗಾಲದಲ್ಲಿ ನಮ್ಮ ತಂದೆಯವರನ್ನು ಮಣ್ಣುಮಾಡಿದ ದಿವಸ ಉಪದೇಶಿಗಳು ಸಮಾಧಿಯ ಬಳಿ ನಿಂತು ಈ ಕೀರ್ತನೆಯನ್ನೇ ಓದಿದರು. ನನಗಾಗ 12 ವರ್ಷ. ಅಂದು ಬೆಳಗ್ಗೆ ಅವ್ವನ ಮಾತಿನಂತೆ ನಾನೇ ಮಗ್ಗುಲ ಮನೆಗೆ ಹೋಗಿ ಎರಡು ಸೇರು ಜೋಳದ ಹಿಟ್ಟನ್ನು ಕಡ ತಂದಿದ್ದೆನು. ಉಪದೇಶಿಗಳ ಕಂಠವು ಆ ವಚನದ ಬಳಿ ಸ್ವಲ್ಪವೂ ತಡವರಿಸಲಿಲ್ಲ. ನಾನು ತಲೆಯೆತ್ತಿ ಅವ್ವನ ಮುಖವನ್ನು ನೋಡಿದೆನು. ಅವಳು ಸೆರಗನ್ನು ಬಾಯಿಗೊತ್ತಿಕೊಂಡು ನೆಲವನ್ನು ನೋಡುತ್ತಿದ್ದಳು. ಆ ವಚನವು ಸುಳ್ಳಾಗಿರಬೇಕು, ಇಲ್ಲವೆ ನಮ್ಮ ತಂದೆಯವರು ನೀತಿವಂತರಾಗಿರಲಿಲ್ಲ. ಇವೆರಡರಲ್ಲಿ ಒಂದು ನಿಜವಿರಲೇಬೇಕೆಂದು ಆ ವಯಸ್ಸಿನ ಬುದ್ಧಿಗೆ ತೋರಿತು. ಮೊದಲನೆಯದನ್ನು ಹೇಳಲು ನನಗೆ ಧೈರ್ಯ ಸಾಲದು. ಎರಡನೆಯದನ್ನು ಊರಿನವರು ಆಗಲೇ ಹೇಳುತ್ತಿದ್ದರು.

ನಮ್ಮ ತಂದೆಯವರು ಉತ್ತರ ಕರ್ನಾಟಕದ ಒಂದು ಪೇಟೆಯಲ್ಲಿ, ದಲಾಲಿ ಅಂಗಡಿಯೊಂದರ ತೂಕದವರಾಗಿದ್ದರು. ಸುಗ್ಗಿಯಲ್ಲಿ ಶೇಂಗಾ, ಜೋಳ, ಹತ್ತಿ ತುಂಬಿದ ಚಕ್ಕಡಿಗಳು ಬೆಳಗಿನ ಜಾವದಿಂದಲೇ ಅಂಗಡಿಯ ಮುಂದೆ ಸಾಲುಗಟ್ಟುತ್ತಿದ್ದುವು. ಮೂರು ಗಳಗಳನ್ನು ಕಟ್ಟಿ ನಿಲ್ಲಿಸಿ ಅದಕ್ಕೆ ದೊಡ್ಡ ತಕ್ಕಡಿಯನ್ನು ತೂಗಹಾಕುವರು. ಹಮಾಲರು ಒಂದು ಪರಡಿಯಲ್ಲಿ ಚೀಲವನ್ನಿಟ್ಟರೆ ತಂದೆಯವರು ಇನ್ನೊಂದರಲ್ಲಿ ಕಲ್ಲುಗಳನ್ನಿಟ್ಟು, ತಕ್ಕಡಿಯ ಮುಳ್ಳು ಪೂರ್ತಿ ನಿಲ್ಲುವ ತನಕ ಕಾದು, ಬಳಿಕ ಅಂಕಿಯನ್ನು ಗಟ್ಟಿಯಾಗಿ ಕೂಗುವರು. ಗುಮಾಸ್ತರು ಅದನ್ನು ಬರೆದುಕೊಳ್ಳುವರು. ಓದುಬರಹವಿಲ್ಲದ ರೈತನಿಗೆ ಆ ಕೂಗೇ ದಸ್ತೈವಜು. ತಂದೆಯವರು ಕೂಗಿದ ಅಂಕಿಯ ವಿಷಯದಲ್ಲಿ ತಕರಾರು ಎದ್ದುದನ್ನು ನಾನು ಕೇಳಿಲ್ಲ.

1956ರ ಕಾಯಿದೆಯ ಪ್ರಕಾರ 1958ರ ಅಕ್ಟೋಬರ್ ತಿಂಗಳಿಂದ ದೇಶದಲ್ಲಿ ಮಣ-ಸೇರುಗಳ ಸ್ಥಾನಕ್ಕೆ ಕಿಲೋಗ್ರಾಮು ಕ್ರಮಕ್ರಮವಾಗಿ ಬರತೊಡಗಿತು. ಕೆಲಕಾಲ ಹಳೆಯ ಕಲ್ಲು, ಹೊಸ ಕಲ್ಲು ಎರಡೂ ಪೇಟೆಯಲ್ಲಿ ಒಟ್ಟಿಗೆ ನಡೆದುವು. ಮನಸ್ಸಿದ್ದವರಿಗೆ ಇದಕ್ಕಿಂತ ಒಳ್ಳೆಯ ಸುಸಂಧಿ ಬೇಕೆ? ನಮ್ಮ ಸಾಹುಕಾರರು ಎರಡು ಜೊತೆ ಕಲ್ಲುಗಳನ್ನು ಮಾಡಿಸಿದರು. ಕೊಳ್ಳುವಾಗ ಭಾರವಾದುದು, ಮಾರುವಾಗ ಹಗುರವಾದುದು. ನೋಡುವ ಕಣ್ಣಿಗೆ ಎರಡಕ್ಕೂ ಭೇದವಿಲ್ಲ. ಎತ್ತುವ ಕೈಗೆ ಮಾತ್ರ ಗೊತ್ತು. ತಂದೆಯವರ ಕೈಗೆ ಮೊದಲ ದಿವಸವೇ ಗೊತ್ತಾಯಿತು. “ಇದರ ಅಂಕಿ ನನ್ನ ಬಾಯಾಗ ಬರೂದಿಲ್ರಿ, ಸಾವಕಾರ್ರ” ಎಂದು ಹೇಳಿ ಅವರು ಕಲ್ಲನ್ನು ಕೆಳಗಿಟ್ಟರಂತೆ. ಸಾಹುಕಾರರು ಸಿಟ್ಟಾಗಲಿಲ್ಲವಂತೆ. ಆ ಶೇಂಗಾ ಸುಗ್ಗಿ ಮುಗಿಯುವ ಮುನ್ನವೇ ತಂದೆಯವರ ಕೆಲಸ ಹೋಯಿತು. ಕಾರಣವನ್ನು ಯಾರೂ ಕೇಳಲಿಲ್ಲ, ಎಲ್ಲರೂ ಊಹಿಸಿಕೊಂಡರು. ತೂಕದವನೊಬ್ಬನನ್ನು ಸುಗ್ಗಿಯ ನಡುವೆ ಬಿಡಿಸಿದರೆಂದರೆ ಏನರ್ಥ? ಅವನ ತೂಕದಲ್ಲಿ ಏನೋ ಇದ್ದಿರಬೇಕು. ಬೇರೆ ಅಂಗಡಿಯವರಾರೂ ಅವರನ್ನು ಕರೆಯಲಿಲ್ಲ. ಮುಂದೆ ಎರಡು ವರ್ಷ ಅವರು ರೈಲ್ವೆ ನಿಲ್ದಾಣದ ಗೋದಾಮಿನಲ್ಲಿ ಚೀಲ ಹೊತ್ತರು. ಎದೆಯ ರೋಗ ಹತ್ತಿ ತೀರಿಕೊಂಡರು.

ಈ ಕಥೆಯಲ್ಲಿ ವಿಶೇಷವೇನೂ ಇಲ್ಲವೆಂದು ಬಲ್ಲೆನು. ಇಂತಹುದು ಎಲ್ಲ ಊರುಗಳಲ್ಲಿಯೂ ನಡೆದಿದೆ. ನನಗೆ ತೊಡಕಾದುದು ಆ ಒಂದು ವಚನ.

ಕೀರ್ತನೆಗಳ ಪುಸ್ತಕದ ಬಾಗಿಲಿನಲ್ಲಿಯೇ ಎರಡು ಚಿತ್ರಗಳು ನಿಂತಿವೆ. ನೀತಿವಂತನು ನೀರ ಕಾಲುವೆಗಳ ಬಳಿ ಬೇರೂರಿದ ಮರದಂತೆ. ದುಷ್ಟನು ಗಾಳಿಗೆ ಹಾರುವ ಹೊಟ್ಟಿನಂತೆ. ಪಲೆಸ್ತೀನದಲ್ಲಿ ಗಾಳಿ ಚೆನ್ನಾಗಿ ತಾಗುವ ಎತ್ತರದ ಬಂಡೆನೆಲವನ್ನು ಕಣವಾಗಿ ಆರಿಸಿಕೊಳ್ಳುತ್ತಿದ್ದರು. ಅಪರಾಹ್ನ ಪಶ್ಚಿಮದ ಸಮುದ್ರದ ಕಡೆಯಿಂದ ಗಾಳಿ ಬೀಸಿದಾಗ ಕವೆಗೋಲಿನಿಂದ ತೂರಿದರೆ ಕಾಳು ಕಾಲ ಬಳಿಯಲ್ಲಿ ಬೀಳುವುದು, ಹೊಟ್ಟು ಕಣ್ಣಿಗೆ ಕಾಣದಂತೆ ಹೋಗುವುದು. ನಮ್ಮ ಕಡೆಯ ಕಣಗಳನ್ನು ಕಂಡವರಿಗೆ ಈ ಚಿತ್ರವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಆದರೆ ಕಣದಲ್ಲಿ ಬೇರ್ಪಟ್ಟುದು ಪೇಟೆಯಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ಅಲ್ಲಿ ಹೊಟ್ಟನ್ನೂ ಕಾಳಿನ ದರದಲ್ಲಿ ತೂಗುವುದುಂಟು. ಮೊದಲನೆಯ ಕೀರ್ತನೆಯನ್ನು ಬರೆದಾತನು ಪೇಟೆಗೆ ಹೋದವನಲ್ಲವೆಂದು ನಾನು ಹುಡುಗತನದ ಸಿಟ್ಟಿನಲ್ಲಿ ಎಣಿಸಿದ್ದೆನು.

37ನೆಯ ಕೀರ್ತನೆಯ ರಚನಾಕ್ರಮವು ತಿಳಿದ ಮೇಲೆ ಆ ವೃದ್ಧನ ವಿಷಯದಲ್ಲಿ ನನ್ನ ಸಿಟ್ಟು ಕೊಂಚ ಇಳಿಯಿತು. ಅದು ಹೀಬ್ರೂ ಅಕ್ಷರಮಾಲೆಯ 22 ಅಕ್ಷರಗಳ ಅನುಕ್ರಮದಲ್ಲಿ ಪದ್ಯಗಳನ್ನು ಜೋಡಿಸಿರುವ ಕೃತಿ. ಎಂದರೆ ಅದು ಕಿರಿಯರು ಬಾಯಿಪಾಠ ಮಾಡಲೆಂದು ಹಿರಿಯನೊಬ್ಬನು ಕಟ್ಟಿಕೊಟ್ಟ ಪಾಠ. ದುಷ್ಟನ ಏಳಿಗೆಯನ್ನು ಕಂಡು ಉರಿದುಕೊಳ್ಳಬೇಡವೆಂಬುದು ಅದರ ಪಲ್ಲವಿ. ಉರಿದುಕೊಳ್ಳುವ ಹುಡುಗರು ಎದುರಿಗೆ ಕುಳಿತಿರದಿದ್ದರೆ ಆ ಮಾತನ್ನು ಅಷ್ಟು ಸಲ ಹೇಳುವ ಕಾರಣವಿರಲಿಲ್ಲ. ಮಕ್ಕಳಿಗೆ ಕಲಿಸುವ ಪಾಠದಲ್ಲಿ ಅಪವಾದಗಳನ್ನು ಯಾರೂ ಸೇರಿಸುವುದಿಲ್ಲ. ನಾನೂ ಮೂವತ್ತು ವರ್ಷ ಉಪಾಧ್ಯಾಯನಾಗಿದ್ದವನು. ನನ್ನ ಹಲಗೆಯ ಮೇಲೆ ಬರೆದ ನಿಯಮಗಳೆಲ್ಲ ಇದೇ ಜಾತಿಯವು.

ಅಪವಾದಗಳು ಬೇರೆಡೆ ಇವೆ. ಅರಸುಗಳ ಎರಡನೆಯ ಪುಸ್ತಕವನ್ನು ನಾನು ಕಾಲೇಜಿನ ದಿನಗಳಲ್ಲಿ ಒಂದು ಬೇಸಗೆಯ ರಜೆಯಲ್ಲಿ ಓದಿದೆನು. ಯೂದಾಯದ ಅರಸನಾದ ಮನಸ್ಸೆಯು 12ನೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದು 55 ವರ್ಷ ಆಳಿದನು. ಯೆರೂಸಲೇಮಿನಲ್ಲಿ ಅಷ್ಟು ದೀರ್ಘಕಾಲ ಆಳಿದವನು ಮತ್ತೊಬ್ಬನಿಲ್ಲ. ಅವನು ನಿರಪರಾಧಿಗಳ ರಕ್ತದಿಂದ ಪಟ್ಟಣವನ್ನು ತುಂಬಿಸಿದನೆಂದು ಆ ಪುಸ್ತಕವೇ ಹೇಳುತ್ತದೆ. ಕೊನೆಗೆ ಅವನು ತೀರಿಕೊಂಡು ತನ್ನ ಅರಮನೆಯ ತೋಟದಲ್ಲಿ ಸಮಾಧಿಯಾದನು. ಅಷ್ಟೆ! ಅವನ ಮೊಮ್ಮಗನಾದ ಯೋಷೀಯನು 8ನೆಯ ವಯಸ್ಸಿನಲ್ಲಿ ಅರಸನಾದನು. ದೇವಾಲಯದ ಜೀರ್ಣೋದ್ಧಾರ ನಡೆದಾಗ ಧರ್ಮಶಾಸ್ತ್ರದ ಗ್ರಂಥವು ದೊರೆಯಲು, ಅದನ್ನು ಓದಿಸಿ ಕೇಳಿ ಬಟ್ಟೆ ಹರಿದುಕೊಂಡನು. ಅಜ್ಜನು ತಂದಿಟ್ಟ ವಿಗ್ರಹಗಳನ್ನು ಸುಡಿಸಿದನು. ಅವನಂತಹ ಅರಸನು ಹಿಂದೆಯೂ ಇರಲಿಲ್ಲ, ಮುಂದೆಯೂ ಬರಲಿಲ್ಲವೆಂಬುದು ಗ್ರಂಥಕರ್ತನ ತೀರ್ಪು. ಸಮಾಧಾನದಿಂದ ಸಮಾಧಿ ಸೇರುವೆಯೆಂದು ಹುಲ್ದಳೆಂಬ ಪ್ರವಾದಿನಿಯು ಅವನಿಗೆ ಅಭಯವನ್ನೂ ಕೊಟ್ಟಿದ್ದಳು. ಕ್ರಿ.ಪೂ. 609ರಲ್ಲಿ ಐಗುಪ್ತದ ಫರೋಹ ನೆಕೋ ಉತ್ತರಕ್ಕೆ ದಂಡೆತ್ತಿ ಹೋಗುತ್ತಿರಲಾಗಿ ಯೋಷೀಯನು ಮೆಗಿದ್ದೋವಿನಲ್ಲಿ ಅವನಿಗೆ ಎದುರಾದನು. ಕಂಡೊಡನೆ ನೆಕೋ ಅವನನ್ನು ಕೊಂದನು. 8ಕ್ಕೆ 31 ಕೂಡಿಸಿದರೆ 39. ನಮ್ಮ ತಂದೆಯವರು ಚೀಲ ಹೊರಲು ತೊಡಗಿದ ವಯಸ್ಸು. ಆತನೇಕೆ ಹಾಗೆ ಸತ್ತನೆಂಬುದಕ್ಕೆ ಆ ಗ್ರಂಥಕರ್ತನು ಒಂದು ಮಾತನ್ನೂ ಬರೆಯಲಿಲ್ಲ. ಅವನು ಅಂಕಿಯನ್ನು ಕೂಗಿ ಸುಮ್ಮನಾಗಿಬಿಟ್ಟನು.

ಈ ಲೆಕ್ಕವು ಮುಂದಿನವರಿಗೆ ಸಹನವಾಗಲಿಲ್ಲವೆಂದು ಕಾಣುತ್ತದೆ. ಸೆರೆಯಿಂದ ಜನರು ತಿರುಗಿ ಬಂದ ಮೇಲೆ ಬರೆದುದೆಂದು ಪಂಡಿತರು ಹೇಳುವ ಪೂರ್ವಕಾಲವೃತ್ತಾಂತದಲ್ಲಿ ಇವೇ ಎರಡು ಕಥೆಗಳು ಮತ್ತೆ ಬರುತ್ತವೆ. ಅಲ್ಲಿ ಮನಸ್ಸೆಯು ಬೇಡಿ ತೊಟ್ಟು ಬಾಬೆಲಿಗೆ ಒಯ್ಯಲ್ಪಟ್ಟು, ಪಶ್ಚಾತ್ತಾಪಪಟ್ಟು, ಪಟ್ಟವನ್ನು ಮರಳಿ ಪಡೆಯುತ್ತಾನೆ. ಆದುದರಿಂದ ಅವನ ದೀರ್ಘಾಯುಷ್ಯಕ್ಕೆ ಕಾರಣ ದೊರೆಯಿತು. ಯೋಷೀಯನಾದರೋ ನೆಕೋವಿನ ಬಾಯಿಂದ ಬಂದ ದೇವರ ಎಚ್ಚರಿಕೆಯನ್ನು ಕೇಳದೆ ಹೋದನು. ಅವನ ಮರಣಕ್ಕೂ ಕಾರಣ ದೊರೆಯಿತು. ಈಗ ಮುಳ್ಳು ಸರಿಯಾಗಿ ನಡುವೆ ನಿಂತಿತು. ಗ್ರಂಥಕರ್ತನ ಭಕ್ತಿಯ ವಿಷಯದಲ್ಲಿ ನನಗೆ ಸಂದೇಹವಿಲ್ಲ. ಆದರೆ ತೂಕದವನ ಮಗನಾದ ನನ್ನ ಕಣ್ಣಿಗೆ ಪರಡಿಯ ಅಂಚಿನಲ್ಲಿ ಒಂದು ಬೆರಳು ಕಾಣುತ್ತದೆ. ಅದಕ್ಕಿಂತ ಆಶ್ಚರ್ಯವೆಂದರೆ, ಈ ಪುಸ್ತಕವನ್ನು ಇಟ್ಟುಕೊಂಡವರು ಆ ಪುಸ್ತಕವನ್ನು ಎಸೆಯಲಿಲ್ಲ. ಎರಡು ತೂಕವೂ ಒಂದೇ ಗ್ರಂಥದಲ್ಲಿ ಉಳಿದುಬಂದಿವೆ. ಓದುವವನು ಬೇಕಾದರೆ ಹೋಲಿಸಿ ನೋಡಬಹುದು.

ಬೆರಳಿಡುವವರು ಅರಸರ ಚರಿತ್ರೆಯಲ್ಲಿ ಮಾತ್ರವಿಲ್ಲ. ಯೋಬನ ಪುಸ್ತಕವನ್ನು ಓದಿದಾಗ ನನಗೆ ನಮ್ಮ ಊರಿನ ಮಂದಿಯೆಲ್ಲ ಕಣ್ಮುಂದೆ ಬಂದರು. ಎಲೀಫಜ, ಬಿಲ್ದದ, ಚೋಫರರೆಂಬ ಮೂವರು ಸ್ನೇಹಿತರು ಮೊದಲು ಏಳು ದಿವಸ ಮಾತಿಲ್ಲದೆ ಅವನೊಡನೆ ನೆಲದ ಮೇಲೆ ಕುಳಿತರು. ಆ ಏಳು ದಿವಸಗಳ ಮಟ್ಟಿಗೆ ಅವರು ನಮ್ಮ ಊರಿನವರಿಗಿಂತ ಮೇಲು. ಬಾಯಿ ತೆರೆದ ಮೇಲೆ ಎಲ್ಲರದೂ ಒಂದೇ ನ್ಯಾಯ: ದೇವರು ಅನ್ಯಾಯ ಮಾಡುವವನಲ್ಲ, ಯೋಬನು ಕಷ್ಟದಲ್ಲಿದ್ದಾನೆ, ಆದುದರಿಂದ ಯೋಬನು ಏನೋ ಮಾಡಿರಬೇಕು. ಮೊದಮೊದಲು ಇದು ಸೂಚನೆಯಾಗಿರುತ್ತದೆ. 22ನೆಯ ಅಧ್ಯಾಯಕ್ಕೆ ಬರುವಾಗ ಎಲೀಫಜನಿಗೆ ತಾಳ್ಮೆ ತಪ್ಪಿ, ನೀನು ಬಡವರ ಒತ್ತೆಯನ್ನು ಕಿತ್ತುಕೊಂಡವನು, ಬಾಯಾರಿದವನಿಗೆ ನೀರು ಕೊಡದವನು, ವಿಧವೆಯರನ್ನು ಬರಿಗೈಯಲ್ಲಿ ಕಳುಹಿದವನು ಎಂದು ಪಟ್ಟಿಯನ್ನೇ ಓದುತ್ತಾನೆ. ಇವನ್ನು ಅವನು ಎಲ್ಲಿಯೂ ಕಂಡುದಿಲ್ಲ. ಸಿದ್ಧಾಂತಕ್ಕೆ ಬೇಕಾದುದರಿಂದ ಹುಟ್ಟಿಸಿಕೊಂಡನು. ನಮ್ಮ ತಂದೆಯವರು ಶೇಂಗಾ ಚೀಲವೊಂದನ್ನು ರಾತ್ರಿ ಸಾಗಿಸಿದ್ದರೆಂಬ ವಾರ್ತೆಯೂ ಹೀಗೆಯೇ ಹುಟ್ಟಿತು. ಹೇಳಿದವರು ಕೆಟ್ಟವರಲ್ಲ, ಪೇಟೆಯಲ್ಲಿ ನ್ಯಾಯ ಉಂಟೆಂದು ನಂಬಬೇಕಾಗಿದ್ದವರು.

ಇದಕ್ಕೆ ಯೋಬನು ಕೊಡುವ ಉತ್ತರವು 21ನೆಯ ಅಧ್ಯಾಯದಲ್ಲಿದೆ. ದುಷ್ಟರು ಬದುಕಿ ಮುದುಕರಾಗುತ್ತಾರೆ. ಅವರ ಹಸುಗಳು ತಪ್ಪದೆ ಈಯುತ್ತವೆ. ಅವರ ಮಕ್ಕಳು ಕುಣಿದಾಡುತ್ತಾರೆ. ಅವರು ನೋವಿಲ್ಲದೆ ಪಾತಾಳಕ್ಕೆ ಇಳಿಯುತ್ತಾರೆ. ದಾರಿ ನಡೆಯುವ ಪ್ರವಾಸಿಗಳನ್ನು ಕೇಳಿದರೂ ಇದನ್ನೇ ಹೇಳುವರೆಂದು ಅವನು ವಾದಿಸುತ್ತಾನೆ. ಇದು ಮೊದಲನೆಯ ಕೀರ್ತನೆಯ ಮಾತಿಗೆ ನೇರವಾಗಿ ವಿರುದ್ಧ. ಕಡೆಗೆ ದೇವರು ಸುಂಟರಗಾಳಿಯೊಳಗಿಂದ ಮಾತಾಡಿ ಯೋಬನ ಬಾಯಿ ಕಟ್ಟಿಸಿದುದು ನಿಜ. ಆದರೂ ತನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬನೇ ಹೊರತು ಸ್ನೇಹಿತರಲ್ಲವೆಂದು ಎಲೀಫಜನಿಗೆ ಹೇಳಿದನು. ದೇವರ ಪರವಾಗಿ ಸುಳ್ಳು ತೂಕ ಹೇಳಿದವರ ಮೇಲೆ ದೇವರಿಗೇ ಸಿಟ್ಟು ಬಂದಿತು! ಪುಸ್ತಕದ ಕೊನೆಯಲ್ಲಿ ಯೋಬನ 7000 ಕುರಿಗಳು 14000 ಆದುವು. ಮಕ್ಕಳು ಮಾತ್ರ ಮತ್ತೆ ಹತ್ತೇ ಮಂದಿ. ಸತ್ತ ಹತ್ತು ಮಂದಿಯ ಲೆಕ್ಕವನ್ನು ಹೊಸ ಹತ್ತು ಮಂದಿಯಿಂದ ತೀರಿಸಬಹುದೆಂದು ಯಾವ ತಾಯಿಯೂ ಒಪ್ಪಲಾರಳು.

ಇಲ್ಲಿ ನನಗೆ ಬಹಳ ತಡವಾಗಿ ತಿಳಿದ ಒಂದು ಸಂಗತಿಯನ್ನು ಹೇಳಬೇಕು. ಹೀಬ್ರೂ ಬಲ್ಲ ಸ್ನೇಹಿತರೊಬ್ಬರು ಒಂದು ಸಂಜೆ ಮಾತಿನ ನಡುವೆ ತೋರಿಸಿಕೊಟ್ಟುದಿದು. ನಾವು ನೀತಿವಂತನೆಂದು ಅನುವಾದಿಸುವ ಮಾತು ‘ತ್ಸದ್ದೀಕ್’. ಅದರ ಮೂಲವಾದ ‘ತ್ಸೆದೆಕ್’ ಎಂಬುದು ನೀತಿ. ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ ವ್ಯಾಪಾರದಲ್ಲಿ ಸರಿಯಾದ ತಕ್ಕಡಿಯನ್ನೂ ಸರಿಯಾದ ಕಲ್ಲುಗಳನ್ನೂ ಇಟ್ಟುಕೊಳ್ಳಬೇಕೆಂಬ ಆಜ್ಞೆಯಿದೆ. ಅಲ್ಲಿ ‘ಸರಿಯಾದ’ ಎಂಬುದಕ್ಕೆ ಇರುವ ಶಬ್ದವೂ ತ್ಸೆದೆಕ್ಕೇ: ನೀತಿಯ ತಕ್ಕಡಿ, ನೀತಿಯ ಕಲ್ಲು. ಕನ್ನಡದಲ್ಲಿ ಮನುಷ್ಯನಿಗೊಂದು ಮಾತು, ಕಲ್ಲಿಗೊಂದು ಮಾತು ಬಳಸುವ ವಾಡಿಕೆಯಿರುವುದರಿಂದ ಈ ನಂಟು ನಮ್ಮ ಕಿವಿಗೆ ಬೀಳುವುದಿಲ್ಲ. ಚೀಲದಲ್ಲಿ ದೊಡ್ಡದು ಚಿಕ್ಕದು ಎಂದು ಎರಡು ಬಗೆಯ ಕಲ್ಲುಗಳಿರಬಾರದೆಂದು ಧರ್ಮೋಪದೇಶಕಾಂಡವು ಮತ್ತೆ ವಿಧಿಸುತ್ತದೆ, ಕ್ರಿ.ಪೂ. 8ನೆಯ ಶತಮಾನದಲ್ಲಿ ತೆಕೋವದ ಕುರಿಗಾಹಿಯಾದ ಆಮೋಸನು, ಅಳತೆಯನ್ನು ಕಿರಿದುಮಾಡಿ ತೂಕವನ್ನು ಹಿರಿದುಮಾಡುವ ಧಾನ್ಯದ ವ್ಯಾಪಾರಿಗಳನ್ನು ಬಯ್ದನು. ಯೂದಾಯದ ಹಳೆಯ ಊರುಗಳನ್ನು ಅಗೆದಾಗ ಗುಮ್ಮಟದಂತೆ ದುಂಡಗಿರುವ ಸುಣ್ಣಕಲ್ಲಿನ ತೂಕಗಳು ಅನೇಕ ಸಿಕ್ಕಿವೆ. ಒಂದು ಶೆಕೆಲ್ ಎಂದರೆ ಸುಮಾರು 11.3 ಗ್ರಾಮು. ಅವುಗಳ ಚಿತ್ರವನ್ನು ಸ್ನೇಹಿತರು ತೋರಿಸಿದಾಗ ನನ್ನ ಅಂಗೈ ತಾನಾಗಿ ಬಾಗಿತು, ಎತ್ತಿ ನೋಡಬೇಕೆನಿಸಿತು. ಯೋಬನು ತನ್ನ ಕೊನೆಯ ಪ್ರಮಾಣವಚನದಲ್ಲಿ, ದೇವರು ತನ್ನನ್ನು ತೂಗಿ ನೋಡಲೆಂದು ಬೇಡುವಾಗಲೂ ಇದೇ ನೀತಿಯ ತಕ್ಕಡಿಯನ್ನು ಕೇಳುತ್ತಾನಂತೆ. ಅವನು ಪ್ರತಿಫಲವನ್ನು ಕೇಳಲಿಲ್ಲ, ಸರಿಯಾದ ತೂಕವನ್ನು ಕೇಳಿದನು.

ಸತ್ತ ಮೇಲೆ ಲೆಕ್ಕ ತೀರುವುದೆಂಬ ಉತ್ತರವು ಉಂಟಷ್ಟೆ. ಆದರೆ ಅದು ಸತ್ಯವೇದದಲ್ಲಿ ಆರಂಭದಿಂದಲೂ ಕಾಣುವುದಿಲ್ಲ. ಹಳೆಯ ಭಾಗಗಳಲ್ಲಿ ಪಾತಾಳವೆಂಬುದು ಒಳ್ಳೆಯವರಿಗೂ ಕೆಟ್ಟವರಿಗೂ ಒಂದೇ ಆದ ಕತ್ತಲ ಮನೆ. ಮಣ್ಣಿನಲ್ಲಿ ಮಲಗಿದವರು ಎದ್ದು ಕೆಲವರು ನಿತ್ಯಜೀವಕ್ಕೂ ಕೆಲವರು ನಿತ್ಯನಿಂದೆಗೂ ಹೋಗುವರೆಂಬ ಸ್ಪಷ್ಟವಾದ ಮಾತು ದಾನಿಯೇಲನ ಪುಸ್ತಕದ ಕೊನೆಯ ಅಧ್ಯಾಯದಲ್ಲಿದೆ. ಅದು ಕ್ರಿ.ಪೂ. 2ನೆಯ ಶತಮಾನದಲ್ಲಿ, ನಾಲ್ಕನೆಯ ಅಂತಿಯೋಕನು ಯೆಹೂದ್ಯರನ್ನು ಹಿಂಸಿಸಿದ ಕಾಲದ ಬರಹವೆಂದು ಹೆಚ್ಚಿನ ಪಂಡಿತರು ಎಣಿಸುತ್ತಾರೆ. ಧರ್ಮಶಾಸ್ತ್ರವನ್ನು ಬಿಟ್ಟವರು ಉಳಿದರು, ಹಿಡಿದವರು ಹಿಡಿದುದಕ್ಕಾಗಿಯೇ ಸತ್ತರು. ನೀತಿಯೇ ಮರಣಕ್ಕೆ ಕಾರಣವಾದಾಗ ಈ ಲೋಕದ ತಕ್ಕಡಿಯೊಂದೇ ಸಾಲದಾಯಿತು. ಮುಂದೆ ಲೂಕನ ಸುವಾರ್ತೆಯಲ್ಲಿ ಐಶ್ವರ್ಯವಂತನು ಉರಿಯಲ್ಲಿಯೂ, ಅವನ ಬಾಗಿಲಲ್ಲಿ ಹುಣ್ಣು ತುಂಬಿ ಬಿದ್ದಿದ್ದ ಲಾಜರನು ಅಬ್ರಹಾಮನ ಎದೆಯಲ್ಲಿಯೂ ಇರುವ ಸಾಮತಿಯು ಬರುತ್ತದೆ. ಅಲ್ಲಿ ಭಿಕ್ಷುಕನಿಗೆ ಹೆಸರಿದೆ, ಧನಿಕನಿಗೆ ಹೆಸರಿಲ್ಲ. ಈ ಕಥೆಯನ್ನು ನಾನು ಬಾಲ್ಯದಲ್ಲಿ ಎಷ್ಟು ಸಲ ಓದಿದೆನೆಂಬುದಕ್ಕೆ ಲೆಕ್ಕವಿಲ್ಲ. ಓದಿ ಕಣ್ಣು ಮುಚ್ಚಿಕೊಂಡು ನಮ್ಮ ಸಾಹುಕಾರರನ್ನು ಆ ಉರಿಯಲ್ಲಿ ನಿಲ್ಲಿಸಲು ಯತ್ನಿಸುತ್ತಿದ್ದೆನು. ಅವರು ನಿಲ್ಲುತ್ತಿರಲಿಲ್ಲ.

73ನೆಯ ಕೀರ್ತನೆಯ ಆಸಾಫನು ನನಗೆ ಇವರೆಲ್ಲರಿಗಿಂತ ಹತ್ತಿರದವನು. ದುಷ್ಟರ ಕೊಬ್ಬಿದ ಮೈಯನ್ನೂ ನೋವಿಲ್ಲದ ಮರಣವನ್ನೂ ಕಂಡು ಅವನ ಕಾಲು ಜಾರುವುದರಲ್ಲಿತ್ತು. ತಾನು ಕೈ ತೊಳೆದುಕೊಂಡು ಶುದ್ಧನಾಗಿದ್ದುದು ವ್ಯರ್ಥವೆನಿಸಿತ್ತು. ಆಮೇಲೆ ಅವನು ದೇವಾಲಯಕ್ಕೆ ಹೋಗಿ ತಿಳಿವು ಪಡೆದುದನ್ನು ಎಲ್ಲರೂ ಹೇಳುತ್ತಾರೆ. ಅದಕ್ಕೆ ಮುಂಚೆ ಅವನು ಹೇಳುವ ಒಂದು ಮಾತಿನ ಬಳಿ ನಾನು ನಿಲ್ಲುತ್ತೇನೆ. ಈ ಸಂದೇಹವನ್ನು ಬಾಯಿಬಿಟ್ಟು ಆಡಿದ್ದರೆ ನಿನ್ನ ಮಕ್ಕಳ ಪೀಳಿಗೆಗೆ ದ್ರೋಹ ಮಾಡಿದಂತಾಗುತ್ತಿತ್ತೆಂದು ಅವನು ದೇವರಿಗೆ ಹೇಳಿಕೊಳ್ಳುತ್ತಾನೆ. ಮಕ್ಕಳಿಗಾಗಿ ಆತನು ಬಾಯಿ ಮುಚ್ಚಿಕೊಂಡಿದ್ದನು. ಸಮಾಧಿಯ ಬಳಿ ಅವ್ವ ಸೆರಗನ್ನು ಬಾಯಿಗೇಕೆ ಒತ್ತಿಕೊಂಡಿದ್ದಳೆಂದು ನನಗೆ ಹೊಳೆದುದು ಇದನ್ನು ಓದಿದ ಮೇಲೆ. ಆಗ ನನಗೆ ಐವತ್ತು ದಾಟಿತ್ತು, ಅವಳು ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಸಾಹುಕಾರರು ಎಂಬತ್ತರ ಮೇಲೆ ಬದುಕಿದರು. ಬಸ್ಸು ನಿಲ್ಲುವಲ್ಲಿ ಅವರು ಕಟ್ಟಿಸಿದ ನೀರಿನ ಅರವಟ್ಟಿಗೆಯಲ್ಲಿ ನಾನೂ ಬೇಸಗೆಯಲ್ಲಿ ನೀರು ಕುಡಿದಿದ್ದೇನೆ, ನೀರು ತಣ್ಣಗಿತ್ತು. ನಿದ್ದೆಯಲ್ಲಿಯೇ ಪ್ರಾಣ ಹೋಯಿತಂತೆ. ಮಕ್ಕಳು ಮೊಮ್ಮಕ್ಕಳು ಸುತ್ತಲೂ ಇದ್ದರು. ಪೇಟೆ ಒಂದು ದಿವಸ ಮುಚ್ಚಿತ್ತು. ಯೋಬನು 21ನೆಯ ಅಧ್ಯಾಯದಲ್ಲಿ ಹೇಳಿದುದಕ್ಕೆ ಒಂದು ಅಕ್ಷರವೂ ಕಡಿಮೆಯಾಗಲಿಲ್ಲ. ಅವರನ್ನು ಉರಿಯಲ್ಲಿ ನಿಲ್ಲಿಸಲು ನನಗೇಕೆ ಆಗುತ್ತಿರಲಿಲ್ಲವೆಂಬುದನ್ನು ಹೇಳಿ ಈ ಬರಹವನ್ನು ಮುಗಿಸುತ್ತೇನೆ.

ತಂದೆಯವರನ್ನು ಮಣ್ಣುಮಾಡಿದ ಮೂರನೆಯ ದಿವಸ ಸಾಹುಕಾರರ ಚಕ್ಕಡಿ ನಮ್ಮ ಮನೆಯ ಮುಂದೆ ನಿಂತಿತು. ಆಳು ಅರ್ಧ ಚೀಲ ಜೋಳವನ್ನು ಪಡಸಾಲೆಯಲ್ಲಿ ಇಳಿಸಿ, “ಐವತ್ತು ಸೇರು ಐತಿ ನೋಡವಾ, ಸಾವಕಾರ್ರು ಕೊಟ್ಟು ಕಳಿಸ್ಯಾರ” ಎಂದು ಹೇಳಿ ಹೋದನು. ಅವ್ವ ಬೇಡವೆನ್ನಲಿಲ್ಲ, ಬೇಕೆಂದೂ ಅನ್ನಲಿಲ್ಲ. ನಾನೂ ತಂಗಿಯೂ ಚೀಲವನ್ನು ನೋಡುತ್ತ ಕುಳಿತೆವು. ಬಹಳ ಹೊತ್ತಿನ ಮೇಲೆ ಅವಳು ಎದ್ದು ಒಳಗಿನಿಂದ ಸೇರನ್ನು ತಂದು, ಗೋಣಿತಟ್ಟನ್ನು ಹಾಸಿ, ಚೀಲದ ಬಾಯಿ ಬಿಚ್ಚಿದಳು. “ಎಣಸು” ಎಂದಳು. ಮೊದಲನೆಯ ಸೇರಿಗೆ ವಾಡಿಕೆಯಂತೆ ‘ಲಾಭ’ ಎಂದೆನು. ಎರಡು, ಮೂರು, ನಾಲ್ಕು. ಅವಳು ಪ್ರತಿ ಸೇರಿನ ಮೇಲೂ ಅಂಗೈಯನ್ನಾಡಿಸಿ ಕಂಠಮಟ್ಟ ಸಮಮಾಡಿ ಸುರಿಯುತ್ತಿದ್ದಳು. ತಂದೆಯವರು ಮುಳ್ಳು ನಿಲ್ಲುವುದನ್ನು ಕಾಯುತ್ತಿದ್ದಂತೆ ಒಂದು ಕ್ಷಣ ತಡೆಯುತ್ತಿದ್ದಳು. ಐವತ್ತು ಆಯಿತು. ಮಗ್ಗುಲ ಮನೆಗೆ ಸಲ್ಲಬೇಕಾದ ಎರಡು ಸೇರನ್ನು ಬೇರೆ ತೆಗೆದಿಟ್ಟಳು. ಬಳಿಕ ಚೀಲವನ್ನು ಬೋರಲುಮಾಡಿ ಕೊಡವಿದಾಗ ಮೂಲೆಗಳಲ್ಲಿ ಉಳಿದಿದ್ದ ಇನ್ನಷ್ಟು ಜೋಳ ಗೋಣಿತಟ್ಟಿನ ಮೇಲೆ ಬಿದ್ದಿತು. ಅಳೆದರೆ ಪಾವಿನಷ್ಟಿರಬಹುದು. ಅವ್ವ ಅದನ್ನು ಸೇರಿನಲ್ಲಿ ತುಂಬಿಕೊಂಡು, ಎಲ್ಲಿಗೆ ಸೇರಿಸಬೇಕೆಂದು ತಿಳಿಯದವಳಂತೆ, ಕೈಯಲ್ಲಿ ಹಿಡಿದುಕೊಂಡೇ ಕುಳಿತಿದ್ದಳು.